ಮುಮ್ಯೋಜೋಶಿಯ ಸ್ತ್ರೀಗೋಷ್ಠಿ

೧

ಕವಿಗಳ ಚರಿತ್ರೆಯನ್ನು ಬರೆದವರು ಎಲ್ಲ ದೇಶಗಳಲ್ಲಿಯೂ ಉಂಟು. ಓದುಗರ ಚರಿತ್ರೆಯನ್ನು ಬರೆದವರು ವಿರಳ. ಅದರಲ್ಲಿಯೂ ಸ್ತ್ರೀಯರು ಒಂದೆಡೆ ಸೇರಿ, ತಾವು ಓದಿದ ಗ್ರಂಥಗಳನ್ನು ಕುರಿತು ತಮ್ಮತಮ್ಮೊಳಗೆ ಆಡಿಕೊಂಡ ಮಾತು ಬರಹಕ್ಕಿಳಿದು ಉಳಿದಿರುವುದು ಪ್ರಾಚೀನ ವಾಙ್ಮಯಗಳಲ್ಲಿ ಬಹು ದುರ್ಲಭ. ಜಪಾನು ದೇಶದ ‘ಮುಮ್ಯೋಜೋಶಿ’ ಎಂಬ ಸಣ್ಣ ಗದ್ಯಗ್ರಂಥವು ಅಂತಹ ದುರ್ಲಭವಸ್ತುಗಳಲ್ಲಿ ಒಂದು. ‘ಹೆಸರಿಲ್ಲದ ಹೊತ್ತಗೆ’ ಎಂಬುದು ಈ ಶಬ್ದದ ಅರ್ಥ. ಕ್ರಿ. ಶ. ೧೨೦೦–೧೨೦೧ರ ಸುಮಾರಿನಲ್ಲಿ ಇದು ರಚಿತವಾಯಿತೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಗದ್ಯಕಥೆಗಳ ವಿಮರ್ಶೆಯನ್ನು ಮುಖ್ಯವಿಷಯವಾಗಿ ಉಳ್ಳ ಗ್ರಂಥಗಳಲ್ಲಿ ಆ ಭಾಷೆಯಲ್ಲಿ ಉಳಿದುಬಂದಿರುವ ಮೊದಲನೆಯದು ಇದೇ. ೧೯೮೪ರಲ್ಲಿ ಮಿಕೆಲೆ ಮಾರ್ರಾ ಎಂಬ ವಿದ್ವಾಂಸರು ಇದನ್ನು ಇಂಗ್ಲಿಷಿಗೆ ಪರಿವರ್ತಿಸಿದ ಮೇಲೆ ಹೊರನಾಡಿನ ವಾಚಕರಿಗೂ ಇದು ಸುಲಭವಾಯಿತು.

ಕರ್ತೃವಿನ ಹೆಸರನ್ನು ಗ್ರಂಥವು ಹೇಳುವುದಿಲ್ಲ. ‘ಶುಂಜೇಯಿಯ ಮಗಳು’ ಎಂದೇ ಪ್ರಸಿದ್ಧಳಾದ ಕವಯಿತ್ರಿಯ ಕೃತಿಯಿದೆಂಬುದು ಬಹುಜನರ ಅಭಿಪ್ರಾಯ, ಸಂದೇಹಪಡುವವರೂ ಇಲ್ಲದಿಲ್ಲ. ಈಕೆ ವಾಸ್ತವವಾಗಿ ಮಹಾಕವಿ ಫುಜಿವಾರ ಶುಂಜೇಯಿಯ (೧೧೧೪–೧೨೦೪) ಮಗಳ ಮಗಳು. ಅಜ್ಜನ ಮನೆಯಲ್ಲಿ ಸಾಕುಮಗಳಾಗಿ ಬೆಳೆದವಳು. ರಾಜಾಜ್ಞೆಯಂತೆ ಪದ್ಯಗಳನ್ನು ಆರಿಸಿ ಸಂಕಲನಗ್ರಂಥಗಳನ್ನು ಕಟ್ಟುವ ಸಂಪ್ರದಾಯವೊಂದು ಆ ದೇಶದಲ್ಲಿತ್ತು. ಶುಂಜೇಯಿಯು ‘ಸೆಂಜಾಯಿಶೂ’ ಎಂಬ ಸಂಕಲನವನ್ನು ೧೧೮೮ರಲ್ಲಿ ಮುಗಿಸಿದನು. ಅವನ ಮಗನಾದ ತೇಯಿಕನು ೧೨೦೫ರ ‘ಶಿಂಕೊಕಿನ್‌ಶೂ’ ಸಂಕಲನಕಾರರಲ್ಲಿ ಒಬ್ಬನು. ಈ ಎರಡನೆಯ ಸಂಕಲನದಲ್ಲಿ ಆ ಕವಯಿತ್ರಿಯ ೨೯ ಪದ್ಯಗಳು ಸೇರಿವೆ. ಪದ್ಯಗಳನ್ನು ಆರಿಸುವವರ ಮನೆಯಲ್ಲಿಯೇ ಬೆಳೆದವಳು ಈಕೆ ಎಂಬ ಅಂಶವು ಮುಂದೆ ಪ್ರಯೋಜನಕ್ಕೆ ಬರುವುದರಿಂದ ವಾಚಕರು ಅದನ್ನು ನೆನಪಿನಲ್ಲಿಡತಕ್ಕದ್ದು.

ಗೆಳತಿಯರು ಕೂಡಿ ಆಡಿದ ಈ ಮಾತನ್ನು ಹರಟೆಯೆನ್ನಬೇಕೋ ವಿಮರ್ಶೆಯೆನ್ನಬೇಕೋ ಎಂಬುದು ಇಲ್ಲಿ ವಿಚಾರಣೀಯವಾದ ಪ್ರಶ್ನೆ. ಶಾಸ್ತ್ರವನ್ನು ಮುಂದಿಟ್ಟುಕೊಂಡು ಕಾವ್ಯವನ್ನು ಪಾಠಹೇಳುವವರಿಗೆ ಈ ಪ್ರಶ್ನೆಯು ಉಪೇಕ್ಷಣೀಯವಲ್ಲ. ಏಕೆಂದರೆ ಇದಕ್ಕೆ ಕೊಡುವ ಉತ್ತರವನ್ನು ಅನುಸರಿಸಿಯೇ ವಿಮರ್ಶೆಯ ಅಧಿಕಾರವು ಯಾರದು ಎಂಬುದೂ ನಿಶ್ಚಯವಾಗುವುದು.

೨

ಗ್ರಂಥದ ಕಥಾಕಲ್ಪನೆಯು ಸರಳವಾದದ್ದು. ಎಂಬತ್ತಮೂರು ವಯಸ್ಸಿನ ಸಂನ್ಯಾಸಿನಿಯೊಬ್ಬಳು, ಐದನೆಯ ತಿಂಗಳ ಮಳೆ ಬಿಡುವು ಕೊಟ್ಟ ಒಂದು ದಿನ, ಬುದ್ಧಪೂಜೆಗೆ ಹೂವನ್ನು ಕೊಯ್ಯುತ್ತ ಕ್ಯೋತೋ ನಗರದ ಕಡೆಗೆ ಬರುತ್ತಾಳೆ. ದಾರಿಯಲ್ಲಿ ಒಂದು ದೇವಾಲಯವನ್ನು ದರ್ಶನಮಾಡಿ ಮುಂದೆ ಹೋಗಲು, ಮರದ ತೊಗಟೆಯನ್ನು ಹೊದಿಸಿದ ಹಳೆಯ ಮನೆಯೊಂದು ಕಾಣುತ್ತದೆ. ಅಲ್ಲಿ ಕೆಲವರು ಸ್ತ್ರೀಯರು ಇದ್ದಾರೆ. ಅವರು ಮುದುಕಿಯನ್ನು ಆದರದಿಂದ ಮಾತನಾಡಿಸುತ್ತಾರೆ. ಅವಳು ತನ್ನ ನಿತ್ಯಪಾಠವಾದ ಸದ್ಧರ್ಮಪುಂಡರೀಕಸೂತ್ರದ ಮೊದಲನೆಯ ಸುರುಳಿಯಿಂದ ಉಪಾಯಕೌಶಲ್ಯಪ್ರಕರಣದ ಗಾಥೆಗಳನ್ನು ಪುಸ್ತಕವಿಲ್ಲದೆ ಪಠಿಸುತ್ತಾಳೆ. ಕೇಳಿದವರು ಬೆರಗಾಗಿ ಅವಳನ್ನು ಒಳಕ್ಕೆ ಕರೆದುಕೊಳ್ಳುತ್ತಾರೆ. ರಾತ್ರಿಯಾಗುತ್ತದೆ. ಮುದುಕಿ ಒಂದು ಬದಿಗೆ ಒರಗಿಕೊಳ್ಳುತ್ತಾಳೆ. ಗೆಳತಿಯರ ಮಾತು ಆರಂಭವಾಗುತ್ತದೆ. ಅಲ್ಲಿಂದ ಮುಂದೆ ಗ್ರಂಥವೆಲ್ಲವೂ ಆ ಮಾತೇ. ಮುದುಕಿಯದು ಕಿವಿ ಮಾತ್ರ.

ಸಂಸ್ಕೃತವನ್ನು ಬಲ್ಲ ವಾಚಕನಿಗೆ ಈ ಆರಂಭದಲ್ಲಿಯೇ ಒಂದು ಪರಿಚಯದ ಸೊಗಸು ಉಂಟು. ಆ ಮುದುಕಿಯ ಬಾಯಲ್ಲಿ ಬಂದ ಸೂತ್ರವು ಮೂಲತಃ ಭರತಖಂಡದ್ದು. ಕುಮಾರಜೀವನು ಅದನ್ನು ಕ್ರಿ. ಶ. ೪೦೬ರಲ್ಲಿ ಚೀನೀಭಾಷೆಗೆ ತಿರುಗಿಸಿದನು. ಆ ರೂಪದಲ್ಲಿ ಅದು ಜಪಾನಿಗೆ ಹೋಯಿತು. ಸಾಗರನೆಂಬ ನಾಗರಾಜನ ಎಂಟು ವರ್ಷದ ಮಗಳು, ಸ್ತ್ರೀಗೆ ಬುದ್ಧತ್ವವಿಲ್ಲವೆಂದು ವಾದಿಸಿದ ಹಿರಿಯರ ಎದುರಿಗೇ ಬೋಧಿಯನ್ನು ಪಡೆದ ಕಥೆಯು ಬರುವುದು ಈ ಸೂತ್ರದಲ್ಲಿಯೇ. ಅವಳು ಪುರುಷರೂಪವನ್ನು ತಾಳಿದ ಮೇಲೆಯೇ ಆ ಪದವಿಯು ದೊರೆಯಿತೆಂಬ ಸಂಗತಿಯೂ ಆ ಕಥೆಯಲ್ಲಿ ಸೇರಿದೆ. ಸ್ತ್ರೀಯರ ಗೋಷ್ಠಿಗೆ ಈ ಸೂತ್ರದ ಪಾಠವೇ ನಾಂದಿಯಾಗಿರುವುದು ಅರ್ಥವತ್ತಾಗಿದೆ.

ಲೋಕದಲ್ಲಿ ಬಿಡುವುದಕ್ಕೆ ಅತ್ಯಂತ ಕಷ್ಟವಾದ ವಸ್ತು ಯಾವುದು ಎಂಬುದು ಅವರು ಎತ್ತಿಕೊಳ್ಳುವ ಮೊದಲ ಪ್ರಶ್ನೆ. ಒಬ್ಬಳು ಚಂದ್ರನೆನ್ನುತ್ತಾಳೆ. ಮತ್ತೊಬ್ಬಳು ಓಲೆಯೆನ್ನುತ್ತಾಳೆ, ದೂರದಲ್ಲಿರುವವರನ್ನೂ ಎಂದೋ ಕಾಲವಾದವರನ್ನೂ ಎದುರಿಗೆ ತಂದು ಕೂರಿಸುವ ಶಕ್ತಿಯು ಬರಹಕ್ಕಲ್ಲದೆ ಬೇರಾವುದಕ್ಕೂ ಇಲ್ಲವೆಂಬುದು ಅವಳು ಕೊಡುವ ಕಾರಣ. ಕನಸು, ಕಣ್ಣೀರು, ಅಮಿತಾಭಬುದ್ಧ ಎಂದು ಮಾತು ಏರುತ್ತ ಸದ್ಧರ್ಮಪುಂಡರೀಕಕ್ಕೆ ಬಂದು ನಿಲ್ಲುತ್ತದೆ. ಆಗ ಒಬ್ಬಳು, ಏನೊಂದನ್ನೂ ಬಿಡದೆ ಹೇಳಿರುವ ‘ಗೆಂಜಿಯ ಕಥೆ’ಯಲ್ಲಿ ಈ ಸೂತ್ರದ ಒಂದು ಗಾಥೆಯೂ ಬಾರದಿರುವುದೇ ಆ ಗ್ರಂಥದ ಮೊದಲನೆಯ ದೋಷವೆಂದು ಆಕ್ಷೇಪಿಸುತ್ತಾಳೆ. ಹಾಗಾದರೆ ಮುರಸಾಕಿ ಶಿಕಿಬು ಸೂತ್ರವನ್ನು ಓದಿಯೇ ಇರಲಿಲ್ಲವೇ ಎಂದು ಎಳೆಯ ಧ್ವನಿಯೊಂದು ಕೇಳುತ್ತದೆ. ನಮ್ಮಂತಹ ಅಲ್ಪರೇ ಓದದೆ ಇರುವುದಿಲ್ಲ, ಅಂತಹವಳು ಓದದಿದ್ದಾಳೆಯೇ ಎಂಬ ಭಾವದ ಉತ್ತರ ಬರುತ್ತದೆ. ಧರ್ಮಗ್ರಂಥದಿಂದ ಕಾವ್ಯಕ್ಕೆ ಗೋಷ್ಠಿಯು ಇಳಿದ ಬಗೆ ಇದು. ಇಳಿದದ್ದು ಒಂದು ಆಕ್ಷೇಪದ ಮೂಲಕ ಎಂಬುದನ್ನು ಗಮನಿಸಬೇಕು. ಪೂಜ್ಯವಾದ ಗ್ರಂಥದಲ್ಲಿಯೂ ದೋಷವನ್ನು ಹೇಳಬಹುದೆಂಬ ಸ್ವಾತಂತ್ರ್ಯವು ಮೊದಲ ಮಾತಿನಲ್ಲಿಯೇ ಸಿದ್ಧವಾಗಿದೆ.

೩

ಗೆಂಜಿಯ ಕಥೆಯು ಕ್ರಿ. ಶ. ಹನ್ನೊಂದನೆಯ ಶತಮಾನದ ಆದಿಭಾಗದಲ್ಲಿ ಮಹಾರಾಣಿ ಶೋಶಿಯ ಪರಿವಾರದಲ್ಲಿದ್ದ ಮುರಸಾಕಿ ಶಿಕಿಬು ಎಂಬಾಕೆಯಿಂದ ರಚಿತವಾಯಿತು. ೫೪ ಅಧ್ಯಾಯಗಳ ಮಹಾಗ್ರಂಥ. ಅದನ್ನು ಓದದೆ ಪದ್ಯ ಬರೆಯುವವರು ಶೋಚನೀಯರೆಂದು ೧೧೯೩ರ ಪದ್ಯಸ್ಪರ್ಧೆಯ ತೀರ್ಪಿನಲ್ಲಿ ಶುಂಜೇಯಿಯೇ ಘೋಷಿಸಿದ್ದನು. ಅಂತಹ ಗ್ರಂಥವನ್ನು ಇನ್ನೂ ಓದಿಲ್ಲವೆಂದು ಒಪ್ಪಿಕೊಳ್ಳುವುದು ಆ ಕಾಲದ ವಿದ್ಯಾವಂತರಿಗೆ ನಾಚಿಕೆಯ ಸಂಗತಿಯಾಗಿದ್ದಿರಬೇಕು. ಆದರೆ ಈ ಗೋಷ್ಠಿಯಲ್ಲಿ ಒಬ್ಬಳು, ತಾನು ಅದನ್ನು ಇನ್ನೂ ನೋಡಿಲ್ಲ, ಅದೇ ತನ್ನ ಕೊರಗು, ದಯವಿಟ್ಟು ಹೇಳಿರಿ ಎಂದು ಬೇಡುತ್ತಾಳೆ. ಅಷ್ಟು ದೊಡ್ಡದನ್ನು ಬಾಯಿಂದ ಹೇಗೆ ಹೇಳುವುದು, ಪುಸ್ತಕವನ್ನು ನೋಡಿಯೇ ಹೇಳಬೇಕು ಎಂದು ಇತರರು ಹಿಂಜರಿಯುತ್ತಾರೆ. ಅವಳು ಬಿಡುವುದಿಲ್ಲ, ಈ ರಾತ್ರಿಯೇ ಹೇಳಬೇಕೆನ್ನುತ್ತಾಳೆ. ಓದಿದವರ ಚರ್ಚೆಯು ಓದದವಳ ಪ್ರಾರ್ಥನೆಯಿಂದ ಆರಂಭವಾಗುವುದು ಈ ಗ್ರಂಥದ ಮೊದಲ ವಿಶೇಷ. ಗೊತ್ತಿದ್ದವರಿಗೆ ಗೊತ್ತಿದ್ದವರು ಹೇಳುವಾಗ ಸಂಜ್ಞೆಯೇ ಸಾಕಾಗುತ್ತದೆ. ಗೊತ್ತಿಲ್ಲದವಳಿಗೆ ಹೇಳಬೇಕಾದಾಗ ಮಾತ್ರವೇ ಹೇಳುವವಳು ತಾನು ಗ್ರಹಿಸಿದ್ದೇನೆಂಬುದನ್ನು ತಾನೇ ಕಂಡುಕೊಳ್ಳಬೇಕಾಗುತ್ತದೆ.

ಪುಸ್ತಕವು ಎದುರಿಗಿಲ್ಲ. ಎಲ್ಲವೂ ನೆನಪಿನ ಮೇಲೆ. ಯಾವ ಅಧ್ಯಾಯ ಉತ್ತಮ, ಯಾವ ಸ್ತ್ರೀ ಪೂಜ್ಯಳು, ಯಾವಳು ಪ್ರೀತಿಪಾತ್ರಳು, ಪುರುಷರಲ್ಲಿ ಯಾರು ಹೇಗೆ ಎಂದು ಮಾತು ಸಾಗುತ್ತದೆ. ಗೆಂಜಿಯ ಕಥೆಯ ಎರಡನೆಯ ಅಧ್ಯಾಯವನ್ನು ಬಲ್ಲವರಿಗೆ ಇಲ್ಲಿಯ ಸಂವಿಧಾನದ ಮರ್ಮವು ತಾನಾಗಿಯೇ ಹೊಳೆಯುವುದು. ಆ ಅಧ್ಯಾಯದಲ್ಲಿ ಮಳೆಯ ರಾತ್ರಿಯೊಂದರಲ್ಲಿ ಗೆಂಜಿಯೂ ಅವನ ಗೆಳೆಯರೂ ಸೇರಿ ಸ್ತ್ರೀಯರನ್ನು ತರಗತಿ ಮಾಡಿ ಗುಣದೋಷಗಳನ್ನು ಎಣಿಸುತ್ತಾರೆ. ಮುಮ್ಯೋಜೋಶಿಯಲ್ಲಿಯೂ ಮಳೆಗಾಲ, ಇಲ್ಲಿಯೂ ರಾತ್ರಿ, ಆದರೆ ತೂಗುವವರು ಸ್ತ್ರೀಯರು, ತಕ್ಕಡಿಯಲ್ಲಿರುವವರಲ್ಲಿ ಗೆಂಜಿಯೂ ಒಬ್ಬನು.

ಆ ತೂಕವು ಹೇಗಿದೆಯೆಂಬುದಕ್ಕೆ ಎರಡು ಉದಾಹರಣೆಗಳು ಸಾಕು. ಗೆಂಜಿಯು ರಾಜಧಾನಿಯನ್ನು ಬಿಟ್ಟು ಸುಮಾ ಎಂಬ ಕಡಲತಡಿಗೆ ಹೋಗುವಾಗ, ದುಃಖದಿಂದ ಬೆಂದುಹೋಗುತ್ತಿದ್ದ ಪ್ರಿಯಪತ್ನಿಯನ್ನು ಜೊತೆಗೆ ಕರೆದೊಯ್ಯಲಿಲ್ಲ. ಅಲ್ಲಿ ಚಿತ್ತಶುದ್ಧಿಗಾಗಿ ತಪಸ್ಸಿನಲ್ಲಿ ಕಾಲ ಕಳೆಯುವನೋ ಎಂದರೆ, ಅಕಾಶಿಯ ವೃದ್ಧನಿಗೆ ಅಳಿಯನಾಗಿ ವೀಣಾವಿನೋದದಲ್ಲಿ ದಿನಗಳೆದನು. ಇದು ಎಷ್ಟು ಮಾತ್ರವೂ ಒಪ್ಪತಕ್ಕದ್ದಲ್ಲವೆಂದು ಗೋಷ್ಠಿಯಲ್ಲಿ ನಿಷ್ಠುರವಾಗಿ ಹೇಳಲಾಗಿದೆ. ನಾಯಕನೆಂಬ ಕಾರಣದಿಂದ ಅವನಿಗೆ ರಿಯಾಯಿತಿಯಿಲ್ಲ.

ಇನ್ನೊಂದು ಉದಾಹರಣೆಯು ಸುಯೆತ್ಸುಮುಹಾನಳದು. ಈಕೆ ದಿಕ್ಕಿಲ್ಲದ ರಾಜಕುಮಾರಿ. ಕೆಂಪು ಮೂಗು, ಹಳೆಯ ಕಾಲದ ನಡತೆ, ಕವಿತ್ವವೂ ಇಲ್ಲ. ಮೂಲಕಥೆಯಲ್ಲಿ ಹಾಸ್ಯಕ್ಕೆ ಪಾತ್ರಳಾದವಳು. ಗೋಷ್ಠಿಯಲ್ಲಿ ಒಬ್ಬಳು, ತನ್ನನ್ನು ಎಲ್ಲರೂ ಬೈದರೂ ಸರಿಯೇ, ಇವಳು ತನಗೆ ಪ್ರಿಯಳು ಎಂದು ಎದ್ದು ನಿಲ್ಲುತ್ತಾಳೆ. ಶ್ರೀಮಂತಳಾದ ಬಂಧುವೊಬ್ಬಳು ದೂರದ ನಾಡಿಗೆ ಕರೆದರೂ ಇವಳು ಹೋಗಲಿಲ್ಲ. ಮುರಿದ ಮನೆಯನ್ನು ಬಿಡಲಿಲ್ಲ. ಕಳೆಗಿಡಗಳು ಆಳೆತ್ತರ ಬೆಳೆದ ಅಂಗಳದಲ್ಲಿ ಕಾದಳು. ಕಡೆಗೆ ಆ ಕಳೆಯನ್ನು ಸೀಳಿಕೊಂಡು ಗೆಂಜಿಯು ಬಂದನು. ಬೇರೆಯವರಿಗಾದರೆ ಇದು ಅಂತಹ ದೊಡ್ಡದಲ್ಲ. ಇವಳಂತಹವಳಿಗೆ ಇದು ಬುದ್ಧತ್ವಕ್ಕಿಂತಲೂ ದುರ್ಲಭವಾದ ಭಾಗ್ಯವಲ್ಲವೇ ಎಂಬುದು ಅವಳ ವಾದದ ತಾತ್ಪರ್ಯ. ಕವಿಯು ನಗೆಗೀಡುಮಾಡಿದ ಪಾತ್ರದಲ್ಲಿ ಕವಿಯೇ ಇಟ್ಟಿದ್ದ ಗೌರವವನ್ನು ಈ ಓದುಗಳು ಹುಡುಕಿ ಹೊರತೆಗೆದಿದ್ದಾಳೆ. ಮಲ್ಲಿನಾಥನಂತಹ ವ್ಯಾಖ್ಯಾನಕಾರನಿಗೂ ಇದಕ್ಕಿಂತ ಹೆಚ್ಚಿನ ಕೆಲಸವಿಲ್ಲ.

ಇಲ್ಲಿ ಪೂರ್ವಪಕ್ಷವೊಂದು ಏಳುವುದು ಸಹಜ. ‘ಇವಳು ಪ್ರಿಯಳು, ಅವನು ಅಪ್ರಿಯನು ಎನ್ನುವುದು ಲೌಕಿಕವಾದ ರಾಗದ್ವೇಷ, ಕಾವ್ಯದ ಪಾತ್ರಗಳನ್ನು ನೆರೆಮನೆಯವರಂತೆ ಕಂಡು ಮಾತನಾಡುವುದು ವಿಮರ್ಶೆಯಾಗಲಾರದು, ಲಕ್ಷಣವಿಲ್ಲದ ಕಡೆ ಲಕ್ಷ್ಯದ ಪರೀಕ್ಷೆಯು ಹೇಗಾದೀತು?’ ಈ ಆಕ್ಷೇಪಕ್ಕೆ ಬಲವಿಲ್ಲದೆ ಇಲ್ಲ. ಇದನ್ನು ಪರಿಹರಿಸಬೇಕಾದರೆ ಗೋಷ್ಠಿಯು ಇತರ ಕಥೆಗಳನ್ನು ವಿಚಾರಿಸುವ ರೀತಿಯನ್ನು ನೋಡಬೇಕು.

೪

ಗೆಂಜಿಯ ತರುವಾಯ ಉತ್ತಮವೆಂದು ಗೋಷ್ಠಿಯಲ್ಲಿ ಎಣಿಸಲ್ಪಟ್ಟಿರುವುದು ‘ಸಗೊರೊಮೊ’ ಎಂಬ ಕಥೆ. ಅದರ ಆರಂಭದ ಮಾತಿನ ಸೊಗಸನ್ನು ಮನಸಾರೆ ಹೊಗಳಿದ ಮೇಲೆ ದೋಷಗಳ ಎಣಿಕೆ ಬರುತ್ತದೆ. ನಾಯಕನ ಕೊಳಲಿಗೆ ಮೆಚ್ಚಿ ದೇವಲೋಕದವನು ಭೂಮಿಗಿಳಿಯುತ್ತಾನೆ. ತೀರ್ಥಕ್ಷೇತ್ರವೊಂದರಲ್ಲಿ ಸಮಂತಭದ್ರ ಬೋಧಿಸತ್ವನು ಪ್ರತ್ಯಕ್ಷನಾಗುತ್ತಾನೆ. ಕಾಮೋ ಕ್ಷೇತ್ರದ ದೇವತೆಯು ರಾಜಕುಮಾರಿಗೆ ಪ್ರೇಮಪತ್ರವನ್ನು ಕಳುಹುತ್ತದೆ. ಇವೆಲ್ಲವೂ ಇಲ್ಲದಿದ್ದರೆ ಚೆನ್ನಾಗಿತ್ತು. ಎಲ್ಲಕ್ಕಿಂತಲೂ ಹೆಚ್ಚಾಗಿ ಸಹಿಸಲಾಗದ ಸಂಗತಿಯೆಂದರೆ ನಾಯಕನು ಕೊನೆಗೆ ಚಕ್ರವರ್ತಿಯಾಗುವುದು. ಗೆಂಜಿಗೂ ನಿವೃತ್ತಚಕ್ರವರ್ತಿಯ ಸಮಾನವಾದ ಗೌರವವು ಲಭಿಸಿತ್ತಾದರೂ ಅವನು ಚಕ್ರವರ್ತಿಯ ಮಗನು, ಸಗೊರೊಮೊ ಹಾಗಲ್ಲ.

ಇದು ರಾಗದ್ವೇಷದ ಮಾತಲ್ಲ, ಔಚಿತ್ಯದ ಮಾತು. ಅನೌಚಿತ್ಯವಲ್ಲದೆ ರಸಭಂಗಕ್ಕೆ ಬೇರೆ ಕಾರಣವಿಲ್ಲವೆಂದು ಒಂಬತ್ತನೆಯ ಶತಮಾನದಲ್ಲಿ ಆನಂದವರ್ಧನನು ಸಿದ್ಧಾಂತಪಡಿಸಿದನು. ಮುರಸಾಕಿಯು ಬಾಳಿದ ಹನ್ನೊಂದನೆಯ ಶತಮಾನದಲ್ಲಿಯೇ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನೇ ಕಾವ್ಯದ ಜೀವಿತವೆಂದು ಸಾಧಿಸಿದನು. ಕ್ಯೋತೋವಿನ ಈ ಸ್ತ್ರೀಯರು ಆ ಹೆಸರುಗಳನ್ನು ಕೇಳಿದವರಲ್ಲ. ಆದರೂ ಕುಲ, ಪದವಿ, ಪ್ರಭಾವ ಇವುಗಳಿಗೆ ಮೀರಿದ ಫಲವನ್ನು ನಾಯಕನಿಗೆ ಕೊಟ್ಟಾಗ ಓದುವವರ ತನ್ಮಯತೆಯು ಕಡಿದುಹೋಗುವುದೆಂಬ ತತ್ತ್ವವನ್ನು ಅನುಭವದಿಂದಲೇ ಮುಟ್ಟಿದ್ದಾರೆ. ಲಕ್ಷಣವು ಲಕ್ಷ್ಯದಿಂದ ಹುಟ್ಟತಕ್ಕದ್ದೇ ಹೊರತು ಲಕ್ಷ್ಯವು ಲಕ್ಷಣದಿಂದಲ್ಲ ಎಂಬುದನ್ನು ಶಾಸ್ತ್ರಜ್ಞರೂ ಒಪ್ಪುತ್ತಾರೆ.

‘ಯೋರು ನೊ ನೆಜಮೆ’ ಎಂಬ ಕಥೆಯ ವಿಚಾರವು ಇದಕ್ಕಿಂತಲೂ ಸೂಕ್ಷ್ಮವಾಗಿದೆ. ಇದು ಮೊದಲಿಂದ ಕೊನೆಯವರೆಗೆ ಒಬ್ಬ ಸ್ತ್ರೀಯ ಮನಸ್ಸಿನ ಕಥೆ. ಎತ್ತಿ ತೋರಿಸತಕ್ಕ ಅದ್ಭುತವು ಇದರಲ್ಲಿ ಇಲ್ಲವೆಂದು ಒಪ್ಪಿಯೂ, ಚಿತ್ತವನ್ನು ಅತ್ತಿತ್ತ ಹರಿಯಗೊಡದೆ ಒಬ್ಬಳನ್ನೇ ಹಿಡಿದು ಆಳವಾಗಿ ಬರೆದಿರುವುದರಿಂದ ಇದು ಅಪೂರ್ವವಸ್ತುವೆಂದು ಗೋಷ್ಠಿಯು ಪ್ರಶಂಸಿಸುತ್ತದೆ. ಈಗ ಲುಪ್ತವಾಗಿರುವ ಭಾಗದಲ್ಲಿ ನಾಯಿಕೆಯು ಸತ್ತು ಮತ್ತೆ ಬದುಕುವ ಸಂದರ್ಭವೊಂದಿತ್ತು. ಸಗೊರೊಮೊವಿನ ದೇವತಾವತರಣವನ್ನು ಹಳಿದವರು ಇದನ್ನೂ ಹಳಿಯುವರೆಂದು ವಾಚಕನು ನಿರೀಕ್ಷಿಸುತ್ತಾನೆ. ಹಾಗಾಗುವುದಿಲ್ಲ. ಸತ್ತವರು ಬದುಕುವುದು ಪೂರ್ವಜನ್ಮದ ಕರ್ಮವಾಗಿದ್ದರೆ ಅದಕ್ಕೆ ಏನು ಹೇಳಲಾದೀತೆಂದು ಅದನ್ನು ಬಿಟ್ಟುಬಿಡುತ್ತಾರೆ. ಅವರಿಗೆ ದೊಡ್ಡ ದೋಷವಾಗಿ ಕಾಣುವುದು ಬೇರೆ: ತಾನು ಬದುಕಿರುವುದು ಆ ಪುರುಷನಿಗೆ ಗೊತ್ತಾದ ಮೇಲೂ ಅವಳು ತಳಮಳಗೊಳ್ಳದೆ, ಮಕ್ಕಳನ್ನು ಕರೆಸಿಕೊಂಡು, ಏನೂ ಆಗದವಳಂತೆ ನೆಲಸಿಬಿಡುವುದು. ಹೊರಗಿನ ಅದ್ಭುತವನ್ನು ಕ್ಷಮಿಸಬಹುದು. ಒಳಗಿನ ಸುಳ್ಳನ್ನು ಕ್ಷಮಿಸಲಾಗದು ಎಂಬುದು ಇದರ ನಿಷ್ಕರ್ಷೆ. ಈ ಒಂದು ನಿರ್ಣಯವೇ ಪೂರ್ವಪಕ್ಷಕ್ಕೆ ಉತ್ತರವಾಗತಕ್ಕದ್ದು. ಪಾತ್ರವನ್ನು ನೆರೆಮನೆಯವಳಂತೆ ಕಂಡವರಿಗೇ ಆ ಪಾತ್ರದ ಮನಸ್ಸು ಎಲ್ಲಿ ತನಗೆ ತಾನು ತಪ್ಪಿತೆಂಬುದು ಕಾಣುವುದು.

ಅಣ್ಣತಂಗಿಯರಂತಹ ಒಡಹುಟ್ಟಿದವರಿಬ್ಬರು ಸ್ತ್ರೀಪುರುಷವೇಷಗಳನ್ನು ಅದಲುಬದಲು ಮಾಡಿಕೊಂಡು ಅರಮನೆಯಲ್ಲಿ ಬಾಳುವ ‘ತೊರಿಕಾಯೆಬಯಾ’ ಎಂಬ ಕಥೆಗೆ ಎರಡು ಪಾಠಗಳಿದ್ದುವು. ಅನುಕರಣವು ಮೂಲಕ್ಕಿಂತ ಕೀಳಾಗುವುದು ಸಾಮಾನ್ಯನಿಯಮವಾದರೂ, ಇದರಲ್ಲಿ ಹೊಸ ಪಾಠವೇ ಮೇಲೆಂದು ಗೋಷ್ಠಿಯು ತೀರ್ಮಾನಿಸುತ್ತದೆ. ಪ್ರಾಚೀನತ್ವವೇ ಪ್ರಾಮಾಣ್ಯವಲ್ಲವೆಂಬ ವಿವೇಕವು ಇಲ್ಲಿ ಕಾಣುವುದು. ಚರ್ಚೆಗೆ ಬಂದ ಕಥೆಗಳಲ್ಲಿ ಹೆಚ್ಚಿನವು ಇಂದು ಲುಪ್ತವಾಗಿವೆ. ಎಷ್ಟೋ ಕಥೆಗಳ ವಿಷಯದಲ್ಲಿ ಅವನ್ನು ಓದಿದ್ದ ಈ ಗೆಳತಿಯರ ಮಾತೇ ಈಗ ಉಳಿದಿರುವ ಆಧಾರ.

ಈ ಎಲ್ಲ ಚರ್ಚೆಯಲ್ಲಿಯೂ ಪೀಠದಲ್ಲಿ ಕುಳಿತ ತೀರ್ಪುಗಾರನಿಲ್ಲ. ಒಬ್ಬಳು ಹೇಳುತ್ತಾಳೆ, ಇನ್ನೊಬ್ಬಳು ತಿದ್ದುತ್ತಾಳೆ ಅಥವಾ ತಡೆಯುತ್ತಾಳೆ. ಗೆಂಜಿಯ ಕಥೆಯು ಹುಟ್ಟಿದ ಬಗೆಯನ್ನು ಹೇಳುವಾಗ, ಮಹಾರಾಣಿಯ ಅಪ್ಪಣೆಯಿಂದ ಅದು ರಚಿತವಾಯಿತೆಂಬ ಐತಿಹ್ಯವನ್ನೂ, ಅರಮನೆಗೆ ಬರುವ ಮೊದಲೇ ಮುರಸಾಕಿಯು ಅದನ್ನು ಮನೆಯಲ್ಲಿ ಬರೆದಿದ್ದಳೆಂಬ ಐತಿಹ್ಯವನ್ನೂ ಹೇಳಿ, ಇವುಗಳಲ್ಲಿ ಯಾವುದು ನಿಜವೋ ಎಂದು ಬಿಟ್ಟುಬಿಡುತ್ತಾರೆ. ಗೊ‌ತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವುದು ಪಾಂಡಿತ್ಯದ ಒಂದು ಲಕ್ಷಣ.

೫

ಗೋಷ್ಠಿಯ ಹೃದಯವು ಇದರ ಮುಂದಿನ ಭಾಗದಲ್ಲಿದೆ. ಕಥೆಗಳು ಮುಗಿದು ಪದ್ಯಸಂಕಲನಗಳ ಮಾತು ಬರುತ್ತದೆ. ಶುಂಜೇಯಿಯ ಸೆಂಜಾಯಿಶೂ ಬಗ್ಗೆ ಹೇಳುವಾಗ, ಅವನ ಕೆಲಸವೆಂದು ಗೌರವ ಹುಟ್ಟುವುದಾದರೂ, ಜನರ ಅಂತಸ್ತಿಗೆ ಅತಿಯಾಗಿ ಮಣಿದನೋ ಏನೋ, ಅಷ್ಟೇನೂ ಸ್ವಾರಸ್ಯವಿಲ್ಲದ ಪದ್ಯಗಳು ಹಲವು ಸೇರಿಹೋಗಿವೆ ಎಂಬ ಟೀಕೆ ಕೇಳಿಬರುತ್ತದೆ. ಬರೆದವಳು ಅವನ ಮನೆಯ ಹುಡುಗಿಯೇ ಆಗಿದ್ದರೆ ಈ ವಾಕ್ಯದ ಧೈರ್ಯವು ಸಾಮಾನ್ಯವಲ್ಲ.

ಅದಾದ ಮೇಲೆ ಒಬ್ಬಳು ನಿಟ್ಟುಸಿರು ಬಿಡುತ್ತಾಳೆ. ಹೆಣ್ಣಾಗಿ ಹುಟ್ಟುವಷ್ಟು ಖೇದಕರವಾದದ್ದು ಬೇರಿಲ್ಲ. ಹಿಂದಿನಿಂದಲೂ ರಸಿಕರಾದ, ಕವಿತಾಮಾರ್ಗವನ್ನು ಅಭ್ಯಾಸಮಾಡಿದ ಸ್ತ್ರೀಯರು ಎಷ್ಟೋ ಮಂದಿ ಇದ್ದರೂ ಒಬ್ಬಳಾದರೂ ಸಂಕಲನವನ್ನು ಆರಿಸಿ ಕಟ್ಟಲಿಲ್ಲವಲ್ಲ ಎಂಬುದು ಅವಳ ಸಂಕಟ. ಇನ್ನೊಬ್ಬಳ ಸಮಾಧಾನ ಕೂಡಲೇ ಬರುತ್ತದೆ: ಸಂಕಲನ ಕಟ್ಟುವುದೇ ಮಹತ್ತಾದ ಕಾರ್ಯವೆಂದೇನೂ ಇಲ್ಲ, ಗೆಂಜಿಯ ಕಥೆಯನ್ನು ಮುರಸಾಕಿ ರಚಿಸಿದಳು, ದಿಂಬಿನ ಹೊತ್ತಗೆಯನ್ನು ಸೇ ಶೋನಗೋನ್ ಬರೆದಳು, ಈವರೆಗೆ ಆಡಿದ ಕಥೆಗಳಲ್ಲಿ ಹೆಚ್ಚಿನವು ಹೆಂಗಸರವೇ ಅಲ್ಲವೇ, ಆದುದರಿಂದ ತಾವು ತಳ್ಳಿಹಾಕತಕ್ಕವರಲ್ಲ. ಮೊದಲನೆಯವಳು ಈ ಸಮಾಧಾನದಿಂದ ಸುಮ್ಮನಾಗುವುದಿಲ್ಲ. ಹಾಗಿದ್ದರೆ ಮುಂದಿನ ಕಾಲಕ್ಕೆ ನಿಲ್ಲುವಂತಹ ಒಂದು ಮಾತನ್ನಾದರೂ ಬರೆದಿಡುವವಳಾಗಿ ತಾನೇಕೆ ಹುಟ್ಟಲಿಲ್ಲ ಎಂಬ ಪ್ರಶ್ನೆಯು ಮೇಲೇಳುತ್ತದೆ.

ಈ ಮೂರು ಮಾತುಗಳ ಏಣಿಯನ್ನು ಗಮನಿಸಬೇಕು. ಮೊದಲನೆಯದು ದೂರು, ಅದು ಲೋಕದ ಮೇಲೆ. ಎರಡನೆಯದು ಹೆಮ್ಮೆ, ಅದು ತಮ್ಮ ಹಿರಿಯರ ಮೇಲೆ. ಮೂರನೆಯದು ತನ್ನನ್ನೇ ತಾನು ಕೇಳಿಕೊಳ್ಳುವ ಪ್ರಶ್ನೆ. ಗ್ರಂಥಗಳ ಮಾತು ಗ್ರಂಥಗಳಲ್ಲಿಯೇ ನಿಲ್ಲದೆ ಮಾತನಾಡುವವಳ ಬಾಳಿಗೆ ಬಂದು ತಾಗಿತು. ಓದು ಆತ್ಮಸಂಸ್ಕಾರವಾಗುವುದು ಈ ಹಂತದಲ್ಲಿ. ಆಮೇಲೆ ಪ್ರಸಿದ್ಧಸ್ತ್ರೀಯರ ಕಥೆಗಳು ಬರುವುದೂ ಆಕಸ್ಮಿಕವಲ್ಲ. ಅರಮನೆಯ ಬೆಳಕಿನಲ್ಲಿ ಮೆರೆದ ಸೇ ಶೋನಗೋನ್ ಮುಪ್ಪಿನಲ್ಲಿ ದೂರದ ಹಳ್ಳಿಯಲ್ಲಿ ಸೊಪ್ಪನ್ನು ಒಣಗಿಸುತ್ತ, ಹಿಂದೆ ಕಂಡ ರಾಜಪುರುಷರ ಉಡುಪಿನ ಸೊಬಗನ್ನು ಮರೆಯಲಾರೆನೆಂದು ಗೊಣಗುತ್ತಿದ್ದಳೆಂಬ ಐತಿಹ್ಯವನ್ನು ಅವರು ಮರುಕದಿಂದ ಹೇಳಿಕೊಳ್ಳುತ್ತಾರೆ. ಬರೆದವಳ ಗತಿಯೇ ಹೀಗಾದರೆ ಬರೆಯದವರ ಗತಿಯೇನು ಎಂಬ ಭಯವು ಆ ಮರುಕದ ಒಳಗಿದೆ.

ಆ ಸಂಕಟವು ಜಪಾನಿಗೆ ಮಾತ್ರ ಸೇರಿದ್ದೆಂದು ಭರತಖಂಡದ ಪಂಡಿತನು ನಿಶ್ಚಿಂತನಾಗಿರುವಂತಿಲ್ಲ. ಪುರುಷರಂತೆಯೇ ಸ್ತ್ರೀಯರೂ ಕವಿಗಳಾಗಬಹುದು, ಏಕೆಂದರೆ ಸಂಸ್ಕಾರವು ಆತ್ಮಕ್ಕೆ ಸೇರಿದ್ದು, ಅದು ಹೆಣ್ಣುಗಂಡೆಂಬ ವಿಭಾಗವನ್ನು ನೋಡುವುದಿಲ್ಲ ಎಂದು ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಹೇಳಿದನು. ಅವನ ಪತ್ನಿ ಅವಂತಿಸುಂದರಿಯು ವಿಮರ್ಶಕಿಯೂ ಆಗಿದ್ದಳು. ಪದಗಳನ್ನು ಬದಲಿಸಲಾಗದ ಸ್ಥಿತಿಯೇ ಪಾಕವೆಂದು ವಾಮನನ ಪಕ್ಷದವರು ಹೇಳಿದರೆ, ಅದು ಪಾಕವಲ್ಲ, ಅಶಕ್ತಿ. ಮಹಾಕವಿಗಳ ಒಂದೇ ವಸ್ತುವಿಗೆ ಹಲವು ಪಾಠಗಳು ಪಕ್ವವಾಗಿಯೇ ಇರಬಲ್ಲವು ಎಂದು ಅವಳು ಖಂಡಿಸಿದಳು. ಈ ಮಾತು ಇಂದಿಗೂ ತೀಕ್ಷ್ಣವಾಗಿದೆ. ಆದರೆ ಅದು ಉಳಿದದ್ದು ಪತಿಯ ಗ್ರಂಥದ ಒಳಗೆ, ಅವನು ಎತ್ತಿ ಹೇಳಿದಷ್ಟು ಮಾತ್ರ. ಕರ್ಣಾಟದ ವಿಜಯಾಂಕೆಯನ್ನು ಸರಸ್ವತಿಗೆ ಸಮಾನಳೆಂದು ಹೊಗಳುವ ಪದ್ಯವು ಸುಭಾಷಿತಸಂಗ್ರಹಗಳಲ್ಲಿ ಉಂಟು. ವಿಜ್ಜಿಕೆಯೆಂಬ ಹೆಸರಿನಲ್ಲಿ ಬಿಡಿಪದ್ಯಗಳೂ ಉಂಟು. ಆ ಪದ್ಯಗಳಿಗೆ ಬಾಳು ಬಂದದ್ದು ಸಂಗ್ರಹಕಾರರು ಆರಿಸಿಕೊಂಡದ್ದರಿಂದ.

ಸಂಗ್ರಹಕಾರರು ಯಾರು? ಶಿಂಕೊಕಿನ್‌ಶೂ ಸಿದ್ಧವಾದ ೧೨೦೫ರಲ್ಲಿಯೇ ವಂಗದೇಶದಲ್ಲಿ ಶ್ರೀಧರದಾಸನ ಸದುಕ್ತಿಕರ್ಣಾಮೃತವು ಸಿದ್ಧವಾಯಿತು. ಅದೇ ಶತಮಾನದ ನಡುಭಾಗದಲ್ಲಿ ಕನ್ನಡದಲ್ಲಿ ಕೇಶಿರಾಜನ ತಂದೆಯಾದ ಮಲ್ಲಿಕಾರ್ಜುನನು ಸೂಕ್ತಿಸುಧಾರ್ಣವವನ್ನು ಕಟ್ಟಿದನು. ೧೩೬೩ರಲ್ಲಿ ಶಾರ್ಙ್ಗಧರನ ಪದ್ಧತಿ ಹೊರಟಿತು. ಜಪಾನಿನ ರಾಜಾಜ್ಞಾಸಂಕಲನಗಳು ೧೪೩೯ರಲ್ಲಿ ಮುಗಿದ ಕೊನೆಯದನ್ನೂ ಸೇರಿಸಿ ೨೧. ಅವುಗಳನ್ನು ಕಟ್ಟಿದವರಲ್ಲಿ ಒಬ್ಬಳೂ ಸ್ತ್ರೀಯಲ್ಲ; ಈ ಮೂರು ಭಾರತೀಯ ಸಂಗ್ರಹಗಳ ಸಂಗತಿಯೂ ಅದೇ. ಕಾವ್ಯವನ್ನು ಬರೆಯುವುದಕ್ಕೆ ಪ್ರತಿಭೆ ಬೇಕು. ಆರಿಸುವುದಕ್ಕೆ ಅಧಿಕಾರ ಬೇಕು. ಸ್ತ್ರೀಗೆ ಮೊದಲನೆಯದನ್ನು ಶಾಸ್ತ್ರವು ಒಪ್ಪಿತು. ಎರಡನೆಯದನ್ನು ಯಾರೂ ನಿರಾಕರಿಸಲಿಲ್ಲ, ಕೊಡಲೂ ಇಲ್ಲ. ಕನ್ನಡನಾಡಿನಲ್ಲಿ ೧೯೧೩ರಲ್ಲಿ ನಂಜನಗೂಡು ತಿರುಮಲಾಂಬ ಅವರು ಸತೀಹಿತೈಷಿಣೀ ಗ್ರಂಥಮಾಲೆಯನ್ನು ತಾವೇ ಆರಂಭಿಸಿದಾಗ, ಯಾವುದು ಅಚ್ಚಾಗಬೇಕೆಂಬುದನ್ನು ಸ್ತ್ರೀಯೊಬ್ಬಳು ನಿರ್ಣಯಿಸುವ ಕಾಲವು ಬಂದಿತು. ಕ್ಯೋತೋವಿನ ಆ ನಿಟ್ಟುಸಿರಿಗೂ ಇದಕ್ಕೂ ನಡುವೆ ಏಳುನೂರು ವರ್ಷಗಳ ಅಂತರವಿದೆ.

೬

ಗ್ರಂಥದ ನ್ಯೂನತೆಗಳನ್ನು ಮರೆಮಾಚಬೇಕಾದುದಿಲ್ಲ. ಭಾಷೆಯ ಸೊಗಸನ್ನು ಹೊಗಳುವಾಗಲೂ ಅದು ಯಾವ ಗುಣದಿಂದ, ಯಾವ ಪದವಿನ್ಯಾಸದಿಂದ ಬಂದಿತೆಂಬುದನ್ನು ಅವರು ಬಿಡಿಸಿ ತೋರಿಸುವುದು ಅಪೂರ್ವ. ಅವರ ಲೋಕವು ಅರಮನೆಯ ಲೋಕ. ಅದರ ಹೊರಗಿನವರ ಸುಖದುಃಖಗಳಿಗೆ ಅವರ ತಕ್ಕಡಿಯಲ್ಲಿ ಎಡೆಯಿಲ್ಲ. ಕುಲಪದವಿಗಳ ಔಚಿತ್ಯವನ್ನು ಕಾಯುವ ಭರದಲ್ಲಿ ಆ ಪದವಿಗಳನ್ನೇ ಪ್ರಶ್ನಿಸಬಹುದೆಂಬುದು ಅವರಿಗೆ ತೋರಿಲ್ಲ. ಇಷ್ಟೇ ಅಲ್ಲದೆ, ಈ ಗೋಷ್ಠಿಯು ನಡೆದದ್ದರ ವರದಿಯಲ್ಲ, ಕರ್ತೃವಿನ ಕಲ್ಪನೆ ಎಂಬುದನ್ನೂ ಮರೆಯಬಾರದು. ಅಂತಹ ಮನೆ, ಅಂತಹ ರಾತ್ರಿ ಇದ್ದುವೆಂಬುದಕ್ಕೆ ಪ್ರಮಾಣವಿಲ್ಲ.

ಆದರೆ ಈ ಕೊನೆಯ ಅಂಶವೇ ಗ್ರಂಥದ ಗೌರವವನ್ನು ಹೆಚ್ಚಿಸುವುದೆಂದು ಹೇಳಬೇಕು. ತನ್ನ ಅಭಿಪ್ರಾಯಗಳನ್ನು ನೇರವಾಗಿ ಸಾರಲು ಕರ್ತೃವಿಗೆ ಅಡ್ಡಿಯಿರಲಿಲ್ಲ. ಹಾಗೆ ಮಾಡದೆ ಅವಳು ಅವನ್ನು ಹಲವರ ಬಾಯಿಗೆ ಹಂಚಿದಳು, ಆಕ್ಷೇಪಕ್ಕೆ ಎಡೆಗೊಟ್ಟಳು, ಓದದವಳಿಗೂ ಒಂದು ಆಸನವನ್ನು ಇಟ್ಟಳು, ಎಲ್ಲರಿಗಿಂತ ಹಿರಿಯಳೂ ಬಹುಶ್ರುತಳೂ ಆದ ಮುದುಕಿಯನ್ನು ಮಾತನಾಡಿಸದೆ ಕೇಳಲು ಕೂರಿಸಿದಳು. ಸಹೃದಯನೆಂಬ ಶಬ್ದವನ್ನು ಆಲಂಕಾರಿಕರು ಏಕವಚನದಲ್ಲಿ ಪ್ರಯೋಗಿಸುವುದೇ ಹೆಚ್ಚು. ಸಹೃದಯತ್ವವು ಪರಸ್ಪರ ಸಂವಾದದಿಂದ ಬಲಿಯತಕ್ಕ ವಸ್ತುವೆಂಬುದನ್ನು ಈ ಗ್ರಂಥವು ರೂಪದಿಂದಲೇ ಸಾಧಿಸಿದೆ. ಆದುದರಿಂದ ಇದನ್ನು ಹರಟೆಯೆನ್ನುವುದು ಸಲ್ಲದು. ಶಾಸ್ತ್ರವು ಕೊನೆಯಲ್ಲಿ ಹೇಳುವುದನ್ನು ಇದು ಆದಿಯಲ್ಲಿ, ಅದು ಹುಟ್ಟುವ ಜಾಗದಲ್ಲಿ ಹಿಡಿದಿದೆ. ಸಾಹಿತ್ಯವನ್ನು ಬೋಧಿಸುವವರು ತಮ್ಮ ತರಗತಿಗಳಲ್ಲಿ ಸುಯೆತ್ಸುಮುಹಾನಳ ಪಕ್ಷವನ್ನು ವಹಿಸುವ ಧೈರ್ಯಕ್ಕೆ ಎಡೆಯುಂಟೇ, ಓದಿಲ್ಲವೆಂದು ಹೇಳುವ ಪ್ರಾಮಾಣಿಕತೆಗೆ ಎಡೆಯುಂಟೇ ಎಂದು ಪರೀಕ್ಷಿಸಿಕೊಳ್ಳುವುದಕ್ಕೆ ಇದು ಒಳ್ಳೆಯ ನಿಕಷ.

ತನ್ನ ಹೆಸರನ್ನು ಹೇಳದ ಆ ಕರ್ತೃವು ಕಾಲಕ್ಕೆ ನಿಲ್ಲುವ ಒಂದು ಮಾತನ್ನು ಬರೆಯಲಾರದೆ ಹೋದೆನೆಂಬ ಕೊರಗನ್ನು ಪಾತ್ರದ ಬಾಯಲ್ಲಿ ಇಟ್ಟಳು. ಆ ಕೊರಗನ್ನು ಹೊತ್ತ ಪುಸ್ತಕವೇ ಎಂಟುನೂರು ವರ್ಷ ನಿಂತಿತು. ಸಂಕಲನವನ್ನು ಕಟ್ಟುವ ಅಧಿಕಾರವು ದೊರೆಯದವಳು, ಕಥೆಗಳನ್ನೂ ಪದ್ಯಗಳನ್ನೂ ಸ್ತ್ರೀಯರ ಚರಿತ್ರೆಗಳನ್ನೂ ಆರಿಸಿ, ತೂಗಿ, ಒಂದು ರಾತ್ರಿಯ ಮಾತಿನಲ್ಲಿ ಪೋಣಿಸಿಟ್ಟಳು. ಅದು ಸಂಕಲನವಲ್ಲದೆ ಮತ್ತೇನು?

ಗ್ರಂಥದ ಮುಕ್ತಾಯವು ವಿಲಕ್ಷಣವಾಗಿದೆ. ಬರಿಯ ಹೆಂಗಸರ ವಿಷಯವನ್ನೇ ಆಡಿದ್ದಾಯಿತು, ಗಂಡಸರ ವಿಷಯವನ್ನೂ ಆಡಬಾರದೇ ಎಂದು ಒಬ್ಬಳು ಕೇಳುತ್ತಾಳೆ. ನೂರತೊಂಬತ್ತು ವರ್ಷದ ಒಬ್ಬ ಮುದುಕನೂ ನೂರೆಂಬತ್ತು ವರ್ಷದ ಇನ್ನೊಬ್ಬನೂ ದೇವಾಲಯದಲ್ಲಿ ಕುಳಿತು ರಾಜರ, ಮಂತ್ರಿಗಳ ಚರಿತ್ರೆಯನ್ನು ಹೇಳುವ ‘ಓಕಗಾಮಿ’ ಎಂಬ ಗ್ರಂಥವು ಆ ದೇಶದಲ್ಲಿ ಆಗಲೇ ಪ್ರಸಿದ್ಧವಾಗಿತ್ತು. ಅದಕ್ಕೆಲ್ಲ ಅಂತಹ ಗ್ರಂಥಗಳು ಇದ್ದೇ ಇವೆ, ಅದಕ್ಕಿಂತ ಹೆಚ್ಚಿಗೆ ಇಲ್ಲಿ ಹೇಳಬೇಕಾದುದೇನಿದೆ ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಪುಸ್ತಕವು ನಿಲ್ಲುತ್ತದೆ. ಬೆಳಗಾಯಿತೆಂಬ ಮಾತಿಲ್ಲ, ಮುದುಕಿಯು ಹೂವಿನ ಬುಟ್ಟಿಯನ್ನು ಎತ್ತಿಕೊಂಡು ಹೊರಟಳೆಂಬ ಮಾತೂ ಇಲ್ಲ.